ಹಾಲೆಂಡಿನಲ್ಲಿ ನಮ್ಮ ಜಗಲಿಯ ಗೋಡೆ

ತಿಪಟೂರು

ಪರದೇಶಕ್ಕೆ ಹೋಗಿಬಂದವರು ಅಲ್ಲಿ ಮಾತ್ರ ಇರುವಂಥದ್ದನ್ನು ನೋಡಿ ಬಂದು ಹೇಳುತ್ತಾರೆ. ನಾನು ಹಾಲೆಂಡಿಗೆ ಹೋಗಿ ನಮ್ಮ ಮನೆಯ ಗೋಡೆಯನ್ನು ನೋಡಿಕೊಂಡು ಬಂದೆ. ಈ ಮಾತಿಗೆ ನಮ್ಮ ಕೇರಿಯಲ್ಲಿ ಈಗಲೂ ನಗುತ್ತಾರೆ. ನಗುವಂಥದ್ದೇ. ಪೂರ್ತಿ ಕೇಳಿದ ಮೇಲೆ ನಕ್ಕರೆ ನನಗೆ ಬೇಸರವಿಲ್ಲ.

ತುರುವೇಕೆರೆ ರಸ್ತೆಯಲ್ಲಿರುವ ನಮ್ಮ ಮನೆಗೆ ಮುಂದೆ ಉದ್ದನೆಯ ಜಗಲಿ, ಒಳಗೆ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ. ನಮ್ಮ ಮಾವನವರು ಇರುವವರೆಗೆ ಆ ಜಗಲಿ ಅವರದು. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ತಲೆಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಗೋಡೆಗೆ ಒರಗಿ ಕೂತರೆಂದರೆ ಊಟಕ್ಕೇ ಏಳುವುದು. ಹಾಗೆ ವರ್ಷಾನುಗಟ್ಟಲೆ ಒರಗಿದ ಜಾಗದಲ್ಲಿ ಸುಣ್ಣದ ಗೋಡೆಯ ಮೇಲೆ ಕಂದು ಬಣ್ಣದ ಎಣ್ಣೆ ಕಲೆಯೊಂದು ಮೂಡಿತ್ತು. ಯುಗಾದಿಗೆ ಸುಣ್ಣ ಹೊಡೆಯುವವನು ಅಷ್ಟು ಜಾಗ ಬಿಟ್ಟೇ ಹೊಡೆಯುತ್ತಿದ್ದ. ಎಣ್ಣೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ ಎಂಬುದು ಒಂದು ಕಾರಣ; ಮಾವನವರು ಏಳುವುದಿಲ್ಲ ಎಂಬುದು ಇನ್ನೊಂದು.

ಅವರದು ಒಂದೇ ಒಂದು ಫೋಟೋವೂ ಇರಲಿಲ್ಲ. ನಮ್ಮ ಮನೆಯಲ್ಲಿ ಗೋಡೆಗೆ ಫೋಟೋ ಹಾಕುವುದು ಹೋದವರಿಗೆ ಮಾತ್ರ. ಹಾಗಾಗಿ ಕ್ಯಾಮೆರಾ ಕಂಡರೆ ಮಾವನವರು, "ಗ್ವಾಡೆ ಹತ್ತಾಕೆ ನಂಗೇನೂ ಅವಸರ ಇಲ್ಲ ಕಣ್ರಪ್ಪ" ಎಂದು ಎದ್ದುಬಿಡುವರು. ಮದುವೆಮನೆಗಳಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಹೊತ್ತಿಗೆ, "ಎಲೆ ಹಾಕುಸ್ತಾವ್ರಾ ನೋಡ್ಕಂಡ್ ಬತ್ತೀನಿ" ಎಂದು ಹೋದವರು ಫೋಟೋದವನು ಪೆಟ್ಟಿಗೆ ಕಟ್ಟಿದ ಮೇಲೇ ಬರುತ್ತಿದ್ದುದು.

ಅಂಥ ಮನೆಗೆ ಒಮ್ಮೆ ಮರೈಕೆ ಬಂದಳು. ಹಾಲೆಂಡಿನವಳು, ಫೋಟೋ ತೆಗೆಯುವುದೇ ಅವಳ ಕಸುಬು. ಬೆಂಗಳೂರಿನ ಪರಿಚಯದವರೊಬ್ಬರು ಕಳಿಸಿದ್ದರು. ತುಮಕೂರಿನ ಕಾನ್ವೆಂಟಿನಲ್ಲಿ ಓದಿದ್ದೇನೆಂಬ ಒಂದೇ ಕಾರಣಕ್ಕೆ ಅವಳ ಇಂಗ್ಲಿಷ್ ನನ್ನ ಪಾಲಿಗೆ ಬಂತು. ಒಂದು ವಾರ ನಮ್ಮಲ್ಲೇ ಇದ್ದಳು. ಅತ್ತೆಯ ಬಾಯಲ್ಲಿ ಅವಳು ಮರಿಯಕ್ಕನಾದಳು. ಬೇಕೇ ಎಂದು ಕೇಳಿ ಬಡಿಸುವ ಪದ್ಧತಿ ನಮ್ಮ ಅತ್ತೆಗಿಲ್ಲ, ಬಡಿಸುವುದಷ್ಟೇ. ಅವಳು ತಿನ್ನುವುದಷ್ಟೇ. ಒಂದು ಬೆಳಿಗ್ಗೆ ಪೂರ್ತಿ ಜಗಲಿಯಲ್ಲಿ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿಕೊಂಡು ಮಾವನವರ ಎದುರಿಗಿದ್ದಳು. ನಾವೆಲ್ಲ ಒಳಗೆ ರೊಟ್ಟಿ ತಟ್ಟುತ್ತ, ಇವರಿನ್ನೂ ಎದ್ದು ಓಡಲಿಲ್ಲವಲ್ಲ ಎಂದು ಬೆರಗಾಗಿದ್ದೆವು.

ಮರುವರ್ಷ ಮಾವನವರು ತೀರಿಕೊಂಡರು. ನಮ್ಮ ಮನೆಯವರು ಮನೆಗೆ ಹೊಸ ಕಳೆ ಬರಲೆಂದು ಜಗಲಿಯ ಮಣ್ಣಿನ ಗೋಡೆ ಕೆರೆಸಿ, ಸಿಮೆಂಟು ಮೆತ್ತಿಸಿ, ತಿಳಿಹಸಿರು ಡಿಸ್ಟೆಂಪರ್ ಹೊಡೆಸಿದರು. ಚೆನ್ನಾಗಿಯೇ ಇತ್ತು. ಅತ್ತೆ ಮಾತ್ರ ಅಂದಿನಿಂದ ಜಗಲಿಯಲ್ಲಿ ಕೂರುವುದನ್ನು ಬಿಟ್ಟರು.

ಐದಾರು ವರ್ಷ ಕಳೆದ ಮೇಲೆ ಮರೈಕೆಯ ಕರೆ ಬಂತು. ಅವಳ ಫೋಟೋಗಳ ಪ್ರದರ್ಶನವಂತೆ. ನಮ್ಮ ಮನೆಯದೂ ಇದೆಯಂತೆ. ನಮ್ಮ ಮನೆಯಿಂದ ಒಬ್ಬರಾದರೂ ಬರಲೇಬೇಕೆಂದು ಪ್ರದರ್ಶನದವರೇ ವಿಮಾನದ ಟಿಕೆಟ್ ಕಳಿಸಿದ್ದರು.

"ನಂಗೆ ಚಳಿ ಆಗಿಬರಲ್ಲ, ಇಂಗ್ಲಿಷ್ ಬರಲ್ಲ" ಎಂದರು ನಮ್ಮ ಮನೆಯವರು. "ಕಾನ್ವೆಂಟ್ ಓದಿರೋಳು ನೀನು. ಹೋಗ್ ಬಾರೇ."

ಅತ್ತೆ ರಾತ್ರಿಯ ಪಾತ್ರೆ ಒರೆಸಿಡುತ್ತಿದ್ದವರು ನನ್ನನ್ನು ಪಕ್ಕಕ್ಕೆ ಕರೆದರು. "ಸುಸೀಲ, ಅವ್ರ ಮಖ ಮರ್ತೋಯ್ತಾ ಅದೆ ಕಣವ್ವ. ಕಣ್ಮುಚ್ಕಂಡ್ರೆ ಮೀಸೆ ಬತ್ತದೆ, ಇಬೂತಿ ಬತ್ತದೆ, ಮಖ ಬರಾಕಿಲ್ಲ. ಮರಿಯಕ್ಕ ಅವ್ರ ಫೋಟ ತೆಗ್ದವ್ಳೆ. ಅವತ್ತು ಊಟಕ್ಕೆ ಕುಂತಾಗ ಅವ್ರೇ ಹೇಳುದ್ರು, 'ತಗಂಡ್ಲು ಬುಡೇ' ಅಂತ. ನೀನು ಬ್ಯಾರೆ ಏನೂ ತರಬ್ಯಾಡ. ಅದೊಂದು ಇಸ್ಕಂಡ್ ಬಾ."

ಬೇರೆಯವರು ಕೈಗಡಿಯಾರ, ಸೆಂಟು ಎಂದೆಲ್ಲ ಹೇಳಿ ಕಳಿಸಿದ್ದು ನೆನಪಿದೆ. ನಾನು ಹೊತ್ತುಕೊಂಡು ಹೊರಟಿದ್ದು ಅತ್ತೆಯ ಈ ಮಾತನ್ನು.

ಆಮ್‌ಸ್ಟರ್‌ಡ್ಯಾಂ ವಿಮಾನ ನಿಲ್ದಾಣ

ವಿಮಾನದಲ್ಲಿ ಗಗನಸಖಿ ಇನ್ನೊಂದು ಲೋಟ ಕಾಫಿ ಬೇಕೇ ಎಂದು ಕೇಳಿದಳು. ನಾನು ಆಗಲಿ ಎಂದು ತಲೆ ತೂಗಿದೆ. ಅವಳು ನಗುತ್ತಲೇ ಮುಂದಿನ ಸಾಲಿಗೆ ಹೋದಳು. ಕಾಫಿ ಮುಗಿದಿತ್ತೇನೋ, ಪಾಪ.

ಇಳಿದ ಮೇಲೆ ನನ್ನ ಪೆಟ್ಟಿಗೆ ಬಿಚ್ಚಿಸಿದರು. ಮರೈಕೆಗೆಂದು ಅಟ್ಟದಿಂದ ಇಳಿಸಿ, ಸುಲಿದು, ಚಿಪ್ಪು ಒಡೆಯದೆ ಇಟ್ಟ ಒಣಗಾಯಿಗಳನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದೆ. ಬೆಳ್ಳಗೆ ಎತ್ತರವಿದ್ದ ಅಧಿಕಾರಿ ಒಂದನ್ನು ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನಮ್ಮ ಕೊಬ್ಬರಿ ಮಂಡಿಯವರು ಮಾಡುವುದೂ ಥೇಟ್ ಹಾಗೆಯೇ! ನನಗೆ ಊರೇ ಎದುರಿಗೆ ಬಂದಂತಾಗಿ ನಗು ಬಂತು. ಅವನಿಗೆ ಅನುಮಾನ ಹೆಚ್ಚಾಯಿತು.

"ಒಳಗೆ ಏನೋ ಇದೆ, ಅಲ್ಲಾಡುತ್ತಿದೆ."

"ಕೊಬ್ಬರಿ. ನೀರು ಹೋಗಿದೆ, ಅದಕ್ಕೇ ಅಲ್ಲಾಡುತ್ತಿದೆ."

"ನೀರು ಎಲ್ಲಿಗೆ ಹೋಯಿತು?"

ಹುಟ್ಟಿದಾಗಿನಿಂದ ಕೊಬ್ಬರಿಯ ನಡುವೆ ಬದುಕಿದ ನನ್ನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕಾಯಿ ಒಂದು ವರ್ಷ ಅಟ್ಟದ ಕತ್ತಲಲ್ಲಿ ಕೂತಿರುತ್ತದೆ. ಒಳಗಿನ ನೀರು ಆರುತ್ತ ಆರುತ್ತ ತಿರುಳು ಚಿಪ್ಪು ಬಿಡುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಗ ಅದು ಕೊಬ್ಬರಿ. ಇಷ್ಟನ್ನೂ ಕಾನ್ವೆಂಟ್ ಇಂಗ್ಲಿಷಿನಲ್ಲಿ ಹೇಳಿದೆ. ಆತ ಸುತ್ತಿಗೆ ತರಿಸಿ ಒಡೆದೇ ನೋಡಿದ. ಉಂಡೆ ಕೊಬ್ಬರಿ ಮೇಜಿನ ಮೇಲೆ ಉರುಳಿತು. ಪರಿಮಳಕ್ಕೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ನಾನು ಒಂದು ಚೂರು ಮುರಿದು ಕೊಟ್ಟೆ. ಅವನು ಅದನ್ನು ಬಾಯಿಗೆ ಹಾಕಿಕೊಂಡು ಗಂಭೀರವಾಗಿ ಪೆಟ್ಟಿಗೆ ಮುಚ್ಚಿದ.

ಹಾರ್ಲೆಮ್, ಮರೈಕೆಯ ಮನೆ

ನನ್ನ ತವರು ಹುಳಿಯಾರು. ಅಲ್ಲಿ ಬೇಸಗೆಯಲ್ಲಿ ಕೊಡ ಇಟ್ಟುಕೊಂಡು ಕಾಯುವ ನೀರು ಹಾರ್ಲೆಮ್ಮಿನಲ್ಲಿ ಬೀದಿ ಬೀದಿಯ ಕಾಲುವೆಯಲ್ಲಿ ಸುಮ್ಮನೆ ನಿಂತಿದೆ. ಯಾರೂ ಅದರ ಕಡೆ ನೋಡುವುದೂ ಇಲ್ಲ. ಬಾತುಕೋಳಿ ಬಿಟ್ಟರೆ ಅದಕ್ಕೆ ಗಿರಾಕಿಯಿಲ್ಲ. ನೆಲ ಮಾತ್ರ ನಮ್ಮ ಸಂಪಿಗೆ ಊರಿನ ಕಡೆಯ ಬಯಲಿಗಿಂತಲೂ ಚಪ್ಪಟೆ. ಮರೈಕೆಯ ಮನೆಯ ಮೆಟ್ಟಿಲು ಅದಕ್ಕೆ ಸೇಡು ತೀರಿಸಿಕೊಂಡ ಹಾಗೆ ಏಣಿಯಷ್ಟು ಕಡಿದು. ಸೀರೆ ಎತ್ತಿ ಹಿಡಿಯಲೋ ಕಂಬಿ ಹಿಡಿಯಲೋ ತಿಳಿಯದೆ ಮೊದಲ ದಿನ ಕೂತುಕೊಂಡೇ ಇಳಿದೆ.

ಒಬ್ಬಳೇ ಇರುವ ಮರೈಕೆ ಮಾಂಸ ಮುಟ್ಟದ ನನಗಾಗಿ ಅದನ್ನು ಬೇಯಿಸುವ ಪಾತ್ರೆಗಳನ್ನೆಲ್ಲ ಕಟ್ಟಿ ಬೀರುವಿನ ಮೇಲಿಟ್ಟಿದ್ದಳು. ಹೇಳದೆ ಮಾಡಿದ ಈ ಕೆಲಸಕ್ಕೆ ನನ್ನ ಮನಸ್ಸು ತುಂಬಿಬಂತು. ಆದರೆ ಅವರ ಉಪಚಾರದ ರೀತಿ ಮಾತ್ರ ನನಗೆ ಅರ್ಥವಾಗಲಿಲ್ಲ. ಸಾರಿನಂಥದ್ದು ಮಾಡಿದ್ದಳು, ರುಚಿಯಾಗಿತ್ತು. ಇನ್ನಷ್ಟು ಬೇಕೇ ಎಂದಳು. ಬಾಯಲ್ಲಿ ತುತ್ತಿತ್ತು, ಆಗಲಿ ಎಂದು ತಲೆ ತೂಗಿದೆ. ಪಾತ್ರೆಯನ್ನು ಎತ್ತಿಕೊಂಡು ಹೋಗಿ ಮುಚ್ಚಿಟ್ಟಳು! ಬೆಳಿಗ್ಗೆ ಬ್ರೆಡ್ಡಿಗೂ ಹಾಗೆಯೇ. ಕೇಳುತ್ತಾರೆ, ಹೂಂ ಅಂದರೆ ತೆಗೆದಿಡುತ್ತಾರೆ. ಇಲ್ಲಿನ ಮರ್ಯಾದೆ ಇದೇ ಇರಬೇಕೆಂದುಕೊಂಡು ಕೋಣೆಗೆ ಹೋಗಿ ಅವಳಿಗೆಂದೇ ತಂದಿದ್ದ ಕೊಬ್ಬರಿಯಲ್ಲಿ ಒಂದಿಷ್ಟನ್ನು ನಾನೇ ತಿಂದೆ.

ಪರದೆಯಿಲ್ಲದ ಕಿಟಕಿಗಳು

ಸಂಜೆ ತಿರುಗಾಡಲು ಹೊರಟರೆ ಬೀದಿಯ ಎರಡೂ ಕಡೆ ದೊಡ್ಡ ದೊಡ್ಡ ಗಾಜಿನ ಕಿಟಕಿ. ಒಳಗೆ ದೀಪ ಉರಿಯುತ್ತಿದೆ, ಪರದೆಯೇ ಇಲ್ಲ. ನಾನು ತಲೆ ತಗ್ಗಿಸಿ ನಡೆದೆ. ನಮ್ಮಲ್ಲಿ ಬಾಗಿಲು ತೆರೆದಿದ್ದರೂ ಅಡ್ಡ ಒಂದು ಹಳೆಯ ಸೀರೆಯ ಪರದೆ ಇರಲೇಬೇಕು.

"ನೋಡಿ, ತಪ್ಪಿಲ್ಲ" ಎಂದಳು ಮರೈಕೆ. "ಮುಚ್ಚಿಡುವಂಥದ್ದು ನಮ್ಮಲ್ಲೇನೂ ಇಲ್ಲ ಎಂದು ತೋರಿಸಲೆಂದೇ ಹೀಗೆ ಬಿಟ್ಟಿರುತ್ತೇವೆ."

ಒಂದು ಮನೆಯಲ್ಲಿ ಮೇಜು, ಕುರ್ಚಿ, ಬಟ್ಟಲು ಕಂಡವು. ಜನ ಕಾಣಲಿಲ್ಲ. "ಯಾರೂ ಇಲ್ಲ" ಎಂದೆ.

"ಈಗ ತಾನೇ ಇದ್ದರು. ಕುರ್ಚಿ ಹಿಂದಕ್ಕೆ ಸರಿದಿದೆ. ಪೇಪರಿನ ಮೇಲೆ ಕನ್ನಡಕ ಇದೆ, ಅಂದರೆ ಮತ್ತೆ ಬರುತ್ತಾರೆ. ಬಟ್ಟಲಿನ ಕಿವಿ ಯಾವ ಕಡೆಗಿದೆ ನೋಡಿ. ಎಡಗೈಯವರು."

ಅಷ್ಟರಲ್ಲಿ ಮುದುಕಿಯೊಬ್ಬರು ಒಳಗಿನಿಂದ ಬಂದು ಕೂತು, ಎಡಗೈಯಲ್ಲಿ ಬಟ್ಟಲೆತ್ತಿದರು. ನಾನು ಬೀದಿಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಇದು ನನಗೆ ತೀರಾ ಹೊಸದೂ ಅಲ್ಲ. ಹೊಸಿಲ ಹೊರಗೆ ಬಿಟ್ಟ ಚಪ್ಪಲಿ ನೋಡಿಯೇ ಒಳಗೆ ಬಂದವರು ಯಾರು, ಎಷ್ಟು ಹೊತ್ತು ಕೂರುತ್ತಾರೆ, ಕಾಫಿಯೋ ಮಜ್ಜಿಗೆಯೋ ಎಂದು ನಮ್ಮ ಅತ್ತೆ ಅಡುಗೆಮನೆಯಿಂದಲೇ ಹೇಳುತ್ತಾರೆ. ಆದರೆ ಅದನ್ನು ನಾವು ನೋಡುವುದು ಎಂದು ಕರೆದಿರಲಿಲ್ಲ. ಮರೈಕೆ ಅದನ್ನೇ ಜೀವಮಾನದ ಕೆಲಸ ಮಾಡಿಕೊಂಡಿದ್ದಳು. ಆ ಸಂಜೆ ಒಂದು ಬೀದಿ ದಾಟಲು ನಮಗೆ ಬಹಳ ಹೊತ್ತು ಹಿಡಿಯಿತು.

ಉಗ್ರಾಣದ ಅಟ್ಟ

ಪ್ರದರ್ಶನ ಇದ್ದುದು ಕಾಲುವೆಯ ಪಕ್ಕದ ಹಳೆಯ ಉಗ್ರಾಣವೊಂದರ ಅಟ್ಟದಲ್ಲಿ. ಹೊರಗೆ ಮೇಲ್ಚಾವಣಿಯ ತುದಿಗೆ ಸಾಮಾನು ಎಳೆಯುವ ಕಬ್ಬಿಣದ ಕೊಕ್ಕೆ, ಒಳಗೆ ದಪ್ಪ ತೊಲೆಗಳು. ಏನೇನು ತುಂಬಿಡುತ್ತಿದ್ದರೋ ಯಾರಿಗೂ ನೆನಪಿಲ್ಲವಂತೆ. ನಮ್ಮ ಅಟ್ಟದ ಹಾಗೆಯೇ ಇದೆ ಎಂದು ನನಗೆ ಒಳಗೊಳಗೇ ಸಲಿಗೆ ಹುಟ್ಟಿತು.

ಫೋಟೋಗಳು ಎಲ್ಲ ಕಪ್ಪು ಬಿಳುಪು. ಮೊದಲನೆಯದರಲ್ಲಿ ಮಗುವನ್ನು ಎತ್ತಿಕೊಂಡು ಹೋದ ಮೇಲೆ ಉಳಿದ ಹಾಸಿಗೆ, ನಡುವೆ ಒಂದು ಪುಟ್ಟ ತಗ್ಗು. ಇನ್ನೊಂದರಲ್ಲಿ ಯಾರೋ ಈಗಷ್ಟೇ ಇಳಿದ ಉಯ್ಯಾಲೆ. ಹಲಗೆ ಮಸುಕಾಗಿದೆ, ಅಂದರೆ ಇನ್ನೂ ತೂಗುತ್ತಿದೆ. ಮತ್ತೊಂದರಲ್ಲಿ ಗೋಡೆಗೆ ಅಂಟಿಸಿದ ಬಣ್ಣದ ಕಾಗದದ ಮೇಲೆ ಬೆಳ್ಳನೆಯ ಚೌಕ. ಅಲ್ಲಿದ್ದ ಪಟವನ್ನು ಯಾರೋ ತೆಗೆದುಕೊಂಡು ಹೋಗಿದ್ದಾರೆ. ಒಂದರಲ್ಲೂ ಮನುಷ್ಯರಿಲ್ಲ. ಆದರೂ ಇಷ್ಟು ಜನರಿರುವ ಫೋಟೋಗಳನ್ನು ನಾನು ನೋಡಿರಲಿಲ್ಲ. ನಮ್ಮ ಸ್ಟುಡಿಯೋದ ಫೋಟೋಗಳಲ್ಲಿ ಜನ ಇರುತ್ತಾರೆ, ಉಸಿರು ಬಿಗಿಹಿಡಿದು. ಇಲ್ಲಿ ಜನರಿಲ್ಲ, ಉಸಿರಿದೆ. ಉಯ್ಯಾಲೆಯ ಮುಂದೆ ನಿಂತಾಗ ಅದು ನಿಲ್ಲುವವರೆಗೆ ಕಾಯೋಣ ಎನಿಸಿದ್ದು ನಿಜ.

ಹಾಗೆ ಮೆಚ್ಚುತ್ತ ಮೆಚ್ಚುತ್ತ ಹೋಗುವಾಗಲೇ ಥಟ್ಟನೆ ಹೊಳೆಯಿತು. ಇಲ್ಲಿ ಒಬ್ಬ ಮನುಷ್ಯನೂ ಇಲ್ಲವಲ್ಲ. ಹಾಗಾದರೆ ಮಾವನವರು?

ಕೊನೆಯ ಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ನಮ್ಮ ಜಗಲಿ ಇತ್ತು. ಕೂತು ಕೂತು ನುಣುಪಾದ ಕಲ್ಲಿನ ಅಂಚು, ಕೊಡೆ ಸಿಕ್ಕಿಸುವ ಮೊಳೆ, ಬಿಸಿಲಿನ ಒಂದು ಪಟ್ಟಿ, ನಡುವೆ ಎಣ್ಣೆ ಕಲೆ. ದಿನಾ ಗುಡಿಸಿ ಸಾರಿಸುತ್ತಿದ್ದ ನಾನು ಆ ಕಲೆಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅದು ದುಂಡಗಿರಲಿಲ್ಲ, ನಮ್ಮ ಬಲಗಡೆಗೆ ಬಾಲದಂತೆ ಹರಿದಿತ್ತು. ಅಂಚಿನಲ್ಲಿ ಒಂದು ನರೆಗೂದಲು ಅಂಟಿಕೊಂಡಿತ್ತು. ಅದನ್ನು ಕಂಡು ನನ್ನ ಕೈ ತಾನೇ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು, ಮಾವನವರ ಎದುರು ಹಾಯುವಾಗ ಎಳೆದುಕೊಳ್ಳುತ್ತಿದ್ದ ಹಾಗೆ.

ಪಕ್ಕದಲ್ಲಿ ಒಬ್ಬ ಹಿರಿಯರು, "ಮೋಡದೊಳಗಿನ ಚಂದ್ರನ ಹಾಗಿದೆ" ಎಂದರು. ಕೆಳಗೆ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ತನ್ನನ್ನು ನೋಡುವುದು ಬೇಡವೆಂದ ಹಿರಿಯರೊಬ್ಬರ ಜಾಗ.

ಜನ ಮರೈಕೆಯ ಕೈ ಕುಲುಕುತ್ತಿದ್ದರು. ನನ್ನನ್ನೂ ಪರಿಚಯಿಸಿದಳು. ನಾನು ನಕ್ಕೆ, ನಮಸ್ಕಾರ ಮಾಡಿದೆ. ಮನಸ್ಸಿನಲ್ಲಿ ಇದ್ದುದು ಒಂದೇ: ಅತ್ತೆಗೆ ಏನು ಹೇಳಲಿ?

ಅದೇ ಅಟ್ಟ, ಮಾರನೆಯ ಬೆಳಿಗ್ಗೆ

ಜನ ಬರುವ ಮುಂಚೆ ಮರೈಕೆಯೊಂದಿಗೆ ಮತ್ತೆ ಹೋಗಿ, ಆ ಫೋಟೋದ ಮುಂದೆ ನಿಂತು ಕೇಳಿಯೇಬಿಟ್ಟೆ. "ಮಾವನವರು ಇರುವ ಫೋಟೋ ಇಲ್ಲವೇ? ನೀವು ತೆಗೆದಿರೆಂದು ಅವರೇ ಅತ್ತೆಗೆ ಹೇಳಿದ್ದಾರೆ. ಅತ್ತೆಗೆ ಅವರ ಮುಖ ಮರೆಯುತ್ತಿದೆ."

ಮರೈಕೆಗೆ ಅಚ್ಚರಿಯಾಯಿತು. "ಇಲ್ಲ. ನಾನು ಕೈಸನ್ನೆ ಮಾಡಿ ಕೇಳಿದೆ, ತೆಗೆಯಲೇ ಎಂದು. ಅವರು ನನ್ನನ್ನು ತುಂಬ ಹೊತ್ತು ನೋಡಿ, ಬೇಡ ಎಂದರು. ಬೇಡವೆಂದವರನ್ನು ನಾನು ತೆಗೆಯುವುದಿಲ್ಲ."

"ಬೇಡ ಅಂದರೇ? ಬಾಯಿಬಿಟ್ಟು?"

"ಇಲ್ಲ, ತಲೆ ಆಡಿಸಿದರು. ಹೀಗೆ." ಮರೈಕೆ ತಲೆಯನ್ನು ಮೆಲ್ಲಗೆ ಭುಜದ ಕಡೆಗೆ ವಾಲಿಸಿ ತೋರಿಸಿದಳು.

ನನಗೆ ಕಾಫಿ ನೆನಪಾಯಿತು. ಸಾರು, ಬ್ರೆಡ್ಡು ಎಲ್ಲ ನೆನಪಾದವು. ಕಾನ್ವೆಂಟಿನಲ್ಲಿ ಸಿಸ್ಟರ್ ದಿನಾ, "ತಲೆ ತೂಗಬೇಡ ಮಗು, ಬಾಯಿಬಿಟ್ಟು ಯೆಸ್ ಅನ್ನು" ಎಂದು ಗದರುತ್ತಿದ್ದುದು ನೆನಪಾಯಿತು. ಇಷ್ಟು ವರ್ಷ ಅದನ್ನು ನಾನು ಬರೀ ಶಿಸ್ತು ಎಂದುಕೊಂಡಿದ್ದೆ.

"ಮರೈಕೆ, ಅದು ಹೂಂ" ಎಂದೆ. "ನಮ್ಮಲ್ಲಿ ಹಾಗೆ ತೂಗಿದರೆ ಆಗಲಿ ಎಂದು. ನಾನೂ ನಿಮ್ಮ ಮನೆಯಲ್ಲಿ ಅದನ್ನೇ ಮಾಡುತ್ತಿದ್ದೇನೆ, ನೀವು ಸಾರು ತೆಗೆದಿಡುತ್ತಿದ್ದೀರಿ."

ಅವಳು ಹಾಗೆಯೇ ಹಲಗೆಯ ನೆಲದ ಮೇಲೆ ಕೂತಳು. ನಾನೂ ಕೂತೆ.

"ಆಮೇಲೆ ಅವರು ಏನು ಮಾಡಿದರು?" ಎಂದು ಕೇಳಿದೆ.

"ನಾನು ಕೈಮುಗಿದು ಹಿಂದೆ ಸರಿದೆ. ಅವರು ಶಲ್ಯ ಸರಿಮಾಡಿಕೊಂಡರು. ಬೆನ್ನು ನೆಟ್ಟಗೆ ಮಾಡಿ, ಕ್ಯಾಮೆರಾವನ್ನೇ ನೋಡುತ್ತ ಸ್ವಲ್ಪ ಹೊತ್ತು ಅಲ್ಲಾಡದೆ ಕೂತಿದ್ದರು. ಕೋಪ ಬಂದಿದೆ ಎಂದುಕೊಂಡೆ. ಆಮೇಲೆ ಎದ್ದು ಒಳಗೆ ಹೋದರು. ಆಗ ಗೋಡೆಯನ್ನು ತೆಗೆದೆ."

ಜೀವಮಾನವೆಲ್ಲ ಎದ್ದು ಓಡಿದವರು ಅಂದು ಒಂದು ದಿನ ಕೂತಿದ್ದರು. ಶಲ್ಯ ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ಕೂತು, ಆಯಿತು ಎಂದುಕೊಂಡು ಎದ್ದು ಹೋಗಿ, ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ್ದರು: ತಗಂಡ್ಲು ಬುಡೇ.

ನನಗೆ ಅಳು ಬಂತು. ಮರೈಕೆಯೂ ಅತ್ತಳು. ಆಮೇಲೆ ಸಾರಿನ ನೆನಪಾಗಿ ಇಬ್ಬರಿಗೂ ನಗು ಬಂತು. "ಎರಡು ದಿನ ಉಪವಾಸ ಇದ್ದಿರೇ?" ಎಂದು ಕೇಳಿದಳು. "ಇಲ್ಲ, ನಿಮ್ಮ ಕೊಬ್ಬರಿ ತಿಂದೆ" ಎಂದೆ.

ಅವಳು ಎದ್ದು ಫೋಟೋದ ಕೆಳಗಿನ ಚೀಟಿಯನ್ನು ಕಿತ್ತಳು. "ಇಷ್ಟು ದಿನ ನಾನು ತೆಗೆದದ್ದೇನು?" ಎಂದು ನನ್ನನ್ನೇ ಕೇಳಿದಳು. ಇಬ್ಬರೂ ಮತ್ತೆ ನೋಡಿದೆವು. ಫೋಟೋದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಅದೇ ಕಲ್ಲು, ಅದೇ ಮೊಳೆ. ಆದರೆ ಹಿಂದಿನ ದಿನ ಮುಖ ತಿರುಗಿಸಿಕೊಂಡಿದ್ದ ಗೋಡೆ ಈಗ ನಮ್ಮ ಕಡೆಗೆ ತಿರುಗಿತ್ತು. ಮರೈಕೆ ಹೊಸ ಚೀಟಿ ಬರೆದಳು, ಕೈಬರಹದಲ್ಲೇ: ಹೂಂ ಎಂದು, ಕೂತು, ಎದ್ದು ಹೋದ ಹಿರಿಯರೊಬ್ಬರ ಜಾಗ. ತನ್ನ ತಪ್ಪನ್ನು ಊರವರೆಲ್ಲ ನೋಡುವ ಗೋಡೆಯಲ್ಲಿ ಹಾಗೆ ಅಂಟಿಸಿದ ಅವಳ ದೊಡ್ಡತನವನ್ನು ನಾನು ಆ ದೇಶದ ಯಾವ ಅರಮನೆಗಿಂತಲೂ ಹೆಚ್ಚಾಗಿ ನೆನೆಯುತ್ತೇನೆ.

ಅಂದು ಊಟಕ್ಕೆ ಇನ್ನಷ್ಟು ಬೇಕೇ ಎಂದು ಕೇಳಲೇ ಇಲ್ಲ. ನಮ್ಮ ಅತ್ತೆಯ ಹಾಗೆ ಬಡಿಸುತ್ತಲೇ ಹೋದಳು.

ಮತ್ತೆ ತಿಪಟೂರು

ಮರೈಕೆ ಆ ಫೋಟೋದ ಒಂದು ಪ್ರತಿಯನ್ನು ತಾನೇ ತೊಳೆದು ಕೊಟ್ಟಿದ್ದಳು. ಕಟ್ಟು ಹಾಕಿಸಲು ಕೊಟ್ಟರೆ ಅಂಗಡಿಯವನು ತಿರುಗಿಸಿ ಮುರುಗಿಸಿ, "ಅಮ್ಮಾವ್ರೇ, ಇದ್ರಲ್ಲಿ ಮೇಲ್ಯಾವ್ದು, ಕೆಳಗ್ಯಾವ್ದು?" ಎಂದ. ನಮ್ಮ ಮನೆಯವರು ನೋಡಿ ತಲೆ ಚಚ್ಚಿಕೊಂಡರು.

"ಗೋಡೆ ಫೋಟೋ ತಂದಿದೀಯಲ್ಲೇ! ಗೋಡೆ ಇಲ್ಲೇ ಇರ್ಲಿಲ್ವೇನೇ?"

"ಎಲ್ಲಿದೆ, ತೋರ್ಸಿ" ಎಂದೆ. ತಿಳಿಹಸಿರು ಗೋಡೆಯ ಕಡೆ ಅವರು ತಿರುಗಿ ನೋಡಿದರು.

ಅತ್ತೆ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮುಖ ಎಲ್ಲಿ ಎಂದು ಕೇಳುವ ಮುಂಚೆ ನಾನು ನಡೆದದ್ದನ್ನೆಲ್ಲ ಹೇಳಿದೆ.

"ಹೂಂ ಅಂದ್ರಾ?" ಅತ್ತೆಯ ದನಿ ಏರಿತು. "ಮದ್ವೆ ಆದಾಗ್ನಿಂದ ಬಡ್ಕಂಡೆ, ನನ್ ಜತೆ ಒಂದು ಫೋಟಕ್ಕೆ ನಿಲ್ರೀ ಅಂತ. ನಂಗೆ ಎಲೆ ಹಾಕುಸ್ಬೇಕು ಅನ್ನೋರು, ಆ ಮರಿಯಕ್ಕಂಗೆ ಹೂಂ ಅಂದ್ರಾ!" ಬೈಗುಳದ ನಡುವೆಯೇ ತುಟಿ ನಗುತ್ತಿತ್ತು. "ಹೆಂಗೆ ಆಡುಸ್ದ್ರಂತೆ? ತೋರ್ಸು."

ನಾನು ತಲೆ ತೂಗಿ ತೋರಿಸಿದೆ.

"ಹಂಗಲ್ಲ ಕಣೇ. ನೀನು ಎರ್ಡೂ ಕಡೀಕೆ ತೂಗ್ತೀಯ. ಅವ್ರು ಎಡಕ್ಕೆ ಒಂದೇ ಸಲ, ಕಿವಿ ಭುಜಕ್ಕೆ ತಾಕಂಗೆ ವಾಲ್ಸೋರು. ಬೀದೀಲಿ ಹೋಗೋರು ಬರೋರು ಏನು ಕೇಳುದ್ರೂ ಅಂಗೇ. ಒರಗ್ದಂಗೇ, ತಲೆ ಎತ್ತೋರೂ ಅಲ್ಲ." ಅತ್ತೆ ಬೆರಳನ್ನು ಗಾಜಿನ ಮೇಲೆ ಇಟ್ಟರು. ಕಲೆ ಬಾಲದಂತೆ ಹರಿದಿದ್ದ ಕಡೆ. "ನೋಡು, ಕಲೇನೂ ಅತ್ಲಾಗೇ ಅದೆ. ಹೂಂ, ಹೂಂ ಅಂತ ಉಜ್ಜೀ ಉಜ್ಜೀ ಆಗಿರಾದು."

"ಅದು ಬಲಗಡೆ ಅಲ್ವಾ ಅತ್ತೆ?"

"ನಿನ್ನ ಬಲ. ಅವ್ರ ಎಡ. ಅವ್ರು ನಮ್ ಕಡೀಕೆ ತಿರುಗಿ ಕುಂತವ್ರೆ ಕಣವ್ವ."

ಫೋಟೋವನ್ನು ಜಗಲಿಯಲ್ಲಿ, ಅದೇ ಜಾಗದಲ್ಲಿ, ಕೂತವರ ತಲೆಯ ಎತ್ತರಕ್ಕೆ ಹಾಕಿಸಿದೆವು. ಅತ್ತೆ ಒಳಗಿನಿಂದ ವಿಭೂತಿ ಗಟ್ಟಿ ತಂದು ನೀರಿನಲ್ಲಿ ತೇದರು. ಮೂರು ಬೆರಳು ಅದ್ದಿ, ಗಾಜಿನ ಹತ್ತಿರ ತಂದು, ಒಂದು ಗಳಿಗೆ ತಡೆದು ಕಣ್ಣು ಮುಚ್ಚಿದರು. ಆಮೇಲೆ ಎಳೆದರು. ಪಟಗಳಿಗೆ ಎಳೆಯುವ ಹಾಗೆ ಮಟ್ಟಸವಾಗಿ ಅಲ್ಲ. ಎಡಕ್ಕೆ ವಾಲಿದ ಹಣೆಯೊಂದರ ಮೇಲೆ ಎಳೆದ ಹಾಗೆ, ಮೂರೂ ಗೆರೆ ಓರೆಯಾಗಿ.